ಹಂಪಮ್ಮನ ಸಮಾಧಾನದ ಗುಳಿಗೆ

ಕೆಂಭಾವಿಯಲ್ಲಿ ಕೂಸು ಹುಟ್ಟಿತೆಂದರೆ ಹಂಪಮ್ಮನ ಮನೆಗೆ ಹೇಳಿಕಳಿಸುವುದು ಬಹಳ ವರ್ಷದ ರೂಢಿ. ಹೆರಿಗೆ ಮಾಡಿಸುವವಳು ಆಕೆಯಲ್ಲ. ಅದಕ್ಕೆ ದವಾಖಾನೆ ಇದೆ. ತಾಯಿ ಕೂಸು ಮನೆಗೆ ಬಂದ ಮೇಲೆ ದಿನಾ ಮುಂಜಾನೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ, ನೀರೆರೆದು, ಲೋಬಾನದ ಹೊಗೆ ಕೊಟ್ಟು, ಬಟ್ಟೆ ಸುತ್ತಿ ಮಲಗಿಸಿ ಬರುವುದು ಆಕೆಯ ಕಸುಬು.

ಎರೆಯುವುದೆಂದರೆ ಬರೀ ನೀರು ಹೊಯ್ಯುವುದಲ್ಲ. ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿ ಕುಳಿತು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಜೋಡಿಸಿ ನೀಡಬೇಕು. ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ಮಲಗಬೇಕು, ಅದರ ತಲೆಗೆ ಪಾದಗಳ ಆಸರೆ ಇರಬೇಕು. ನೀರಿನ ಬಿಸಿ ನೋಡುವುದು ಬೆರಳಿನಿಂದಲ್ಲ, ಮೊಣಕೈಯಿಂದ. ಬೋರಲು ಹಾಕಿದಾಗ ಎಡಗೈ ಗದ್ದದ ಕೆಳಗೆ ಇರಲೇಬೇಕು. ಎಣ್ಣೆ ಕುಡಿದ ಮೈ ಮೀನಿನಂತೆ ಜಾರುತ್ತದೆ. ಒಂದು ಕೈ ತಂಬಿಗೆಗೆ ಹೋದರೆ ಇನ್ನೊಂದು ಕೈ ಕೂಸನ್ನು ಬಿಟ್ಟು ಏಳಬಾರದು. ಹಂಪಮ್ಮನಿಗೆ ಇದನ್ನೆಲ್ಲ ಅತ್ತೆ ಕಲಿಸಿದ್ದಳು. ಎರೆಯುವಾಗ ಬೇರೆ ಯಾರೂ ತಂಬಿಗೆ ಮುಟ್ಟಬಾರದು ಎನ್ನುವ ಹಟ ಮಾತ್ರ ಹಂಪಮ್ಮನ ಸ್ವಂತದ್ದು.

ಆಕೆಯ ಗಂಡ ಸಂಗಣ್ಣ ಹಮಾಲಿ ಮಾಡುತ್ತಿದ್ದ. ಒಂದು ಸಂತೆಯ ದಿನ ತೊಗರಿಯ ಚೀಲ ಇಳಿಸಿ, "ಎದಿ ಹಿಡಕೊಂಡದ" ಎಂದು ಅದೇ ಚೀಲಕ್ಕೆ ಒರಗಿ ಕುಳಿತವನು ಏಳಲಿಲ್ಲ. ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ ಹಂಪಮ್ಮನ ಎದೆ ಬಡಿದುಕೊಳ್ಳತೊಡಗಿತು. ರೊಟ್ಟಿ ಬಡಿಯುವಾಗ, ನೀರು ತರುವಾಗ, ಸುಮ್ಮನೆ ಕುಳಿತಾಗಲೂ. ಬಡಿದುಕೊಂಡಿತೆಂದರೆ ಮೈಯೆಲ್ಲ ಬೆವರು, ಅಂಗೈ ತಣ್ಣಗೆ. ಸಂಗಣ್ಣನಿಗೆ ಬಂದದ್ದೇ ತನಗೂ ಬಂತು ಎಂದುಕೊಂಡಳು. ಡಾಕ್ಟರು ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿ, ಗುಂಡಿಗೆ ಚೆನ್ನಾಗಿದೆ, ಹೆದರಿಕೆಯಾಗಿದೆ ಅಷ್ಟೇ ಎಂದು ಹೇಳಿ ಸ್ವಲ್ಪ ದಿನದ ಮಟ್ಟಿಗೆ ಒಂದು ಗುಳಿಗೆ ಬರೆದುಕೊಟ್ಟರು.

ಗುಳಿಗೆ ನುಂಗಿದರೆ ಮಾಳಿಗೆಯ ಮೇಲೆ ಓಡಾಡುವ ಕೋತಿ ಇಳಿದುಹೋದಂತೆ ಎದೆ ಸುಮ್ಮನಾಗುತ್ತಿತ್ತು. ಅದಕ್ಕೆ ಆಕೆ ಸಮಾಧಾನದ ಗುಳಿಗೆ ಎಂದೇ ಹೆಸರಿಟ್ಟಳು. ಡಾಕ್ಟರು ಹೇಳಿದ ದಿನಗಳು ಮುಗಿದವು, ಗುಳಿಗೆ ಮುಗಿಯಲಿಲ್ಲ. ಔಷಧದ ಅಂಗಡಿಯ ಪಂಪಣ್ಣನಿಗೆ ಗುಳಿಗೆಯ ಖಾಲಿ ಪಟ್ಟಿ ತೋರಿಸಿದರೆ ತುಂಬಿದ ಪಟ್ಟಿ ಕೊಡುತ್ತಿದ್ದ. ಎಲೆ ಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಅದು ಕಾಯಂ ಆಯಿತು. ಮೊದಲು ಎದೆ ಬಡಿದುಕೊಂಡರೆ ನುಂಗುತ್ತಿದ್ದಳು. ಆಮೇಲೆ ಬಡಿದುಕೊಂಡೀತು ಎಂದು ನುಂಗತೊಡಗಿದಳು. ವರ್ಷಗಳು ಹೀಗೇ ಹೋದವು.

ಓಣಿಯಲ್ಲಿ ಬಟ್ಟೆ ಹೊಲಿಯುವ ಅಂಬರೀನ ಹಂಪಮ್ಮನ ಹಳೆಯ ಗೆಳತಿ. ಆಕೆಯ ಮೊಮ್ಮಗನಿಗೆ ಎರೆಯುತ್ತಿದ್ದ ಒಂದು ಮುಂಜಾನೆ, ದಾರಿಯಲ್ಲಿ ಎದೆ ಯಾಕೋ ಸರಿಯಿಲ್ಲ ಅನ್ನಿಸಿ ಹಂಪಮ್ಮ ಒಂದು ಗುಳಿಗೆ ಹೆಚ್ಚಿಗೆ ನುಂಗಿ ಬಂದಿದ್ದಳು. ಬಚ್ಚಲಿನ ಬಿಸಿ ಹಬೆಗೆ ಕಣ್ಣು ಮುಚ್ಚಿದವು. ಕೂಸು ಬೋರಲಾಗಿತ್ತು. ಗದ್ದದ ಕೆಳಗಿನ ಎಡಗೈ ಸಡಿಲವಾಯಿತು. ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಅಂಬರೀನ ಬಾಗಿ ಕೂಸನ್ನು ಎತ್ತಿಕೊಂಡಳು. ಸ್ವಲ್ಪ ನೀರು ಕುಡಿದು ಕೆಮ್ಮಿ ಅತ್ತಿತು, ಅದಕ್ಕಿಂತ ಹೆಚ್ಚಿಗೇನೂ ಆಗಲಿಲ್ಲ.

ಅಂಬರೀನ ಯಾರಿಗೂ ಹೇಳಲಿಲ್ಲ. ಆಕೆಯ ಸೊಸೆ ತವರಿಗೆ ಫೋನು ಮಾಡಿ ಹೇಳಿದಳು. ಮಾತು ಹಿಟ್ಟಿನ ಗಿರಣಿಗೆ ಬಂತು, ಗಿರಣಿಯಿಂದ ಎಲ್ಲ ಓಣಿಗೂ ಹೋಯಿತು. ಆಮೇಲೆ ಹಂಪಮ್ಮನನ್ನು ಯಾರೂ ಕರೆಯಲಿಲ್ಲ.

ಕಿರಾಣಿ ಅಂಗಡಿಯ ನೀಲಗಂಗಮ್ಮ ಒಬ್ಬಳೇ ಮನೆತನಕ ಬಂದು ಹೇಳಿದ್ದು. ಆಕೆಯ ಮಗಳು ಉಮಾಶ್ರೀ ಹಂಪಮ್ಮನ ಕಾಲ ಮೇಲೆಯೇ ಬೆಳೆದವಳು. ಸೈದಾಪುರಕ್ಕೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರುವವಳಿದ್ದಳು.

"ಹಂಪವ್ವಾ, ಹುಣಸಗಿಯಾಕಿ ಒಬ್ಬಾಕಿನ್ನ ಗೊತ್ತು ಮಾಡೀನಿ. ಬ್ಯಾಸರ ಮಾಡ್ಕೋಬ್ಯಾಡ" ಎಂದಳು ನೀಲಗಂಗಮ್ಮ.

"ಉಮಾಗ ನಾ ಎರದೀನಿ. ಉಮಾನ ಕೂಸಿಗೆ ಹುಣಸಗಿಯಾಕಿ ಎರೀತಾಳ?"

"ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಆದ್ರ ಅದು ಕೂಸು, ಕುಂಬಳಕಾಯಿ ಅಲ್ಲ. ಬಿದ್ರ ಸಂತ್ಯಾಗ ಇನ್ನೊಂದು ಸಿಗಂಗಿಲ್ಲ."

ಮಾತು ಖರೆ ಇತ್ತು. ಉಮಾಶ್ರೀಯ ಕೂಸು ತನ್ನ ಕಾಲ ಮೇಲೆ ಮಲಗಬೇಕೆಂದರೆ ಗುಳಿಗೆ ಹೋಗಬೇಕು ಎಂಬುದು ಆ ದಿನ ಹಂಪಮ್ಮನಿಗೆ ಸ್ಪಷ್ಟವಾಯಿತು. ಹೇಗೆ ಹೋಗಬೇಕು ಎಂಬುದು ಮಾತ್ರ ಆಗಲಿಲ್ಲ.

ನಮ್ಮ ಕಡೆ ಏನನ್ನಾದರೂ ಬಿಡಬೇಕೆಂದರೆ ದೇವರಿಗೆ ಬಿಡುತ್ತಾರೆ. ಹಂಪಮ್ಮನ ನಾದಿನಿ ಬದನೆಕಾಯಿ ಬಿಟ್ಟಿದ್ದಳು, ಸಂಗಣ್ಣ ಒಂದು ಕಾಲಕ್ಕೆ ಬೀಡಿಯನ್ನೇ ಬಿಟ್ಟಿದ್ದ. ಶ್ರಾವಣದ ಸೋಮವಾರ ಗುಡಿಗೆ ಹೋಗಿ ಕಾಯಿ ಒಡೆಸಿ, "ಬಸವಣ್ಣಾ, ಇದು ನಿನ್ನ ಪಾಲಿಗೆ" ಎಂದು ಬಿಟ್ಟರೆ ಮುಗಿಯಿತು, ಆ ಪದಾರ್ಥ ಮತ್ತೆ ನಾಲಿಗೆಗೆ ತಾಗಬಾರದು. ಹಂಪಮ್ಮನೂ ಹಾಗೇ ಮಾಡಿದಳು. ಕಾಯಿ ಒಡೆಸಿದಳು, ಬಂದು ಪಟ್ಟಿಯನ್ನು ಒಲೆಗೆ ಹಾಕಿದಳು. ಬದನೆಕಾಯಿ ಬಿಟ್ಟಂತೆಯೇ ಇದೂ ಎಂದು ತಿಳಿದದ್ದು ಆಕೆಯ ತಪ್ಪು.

ಒಂದೆರಡು ದಿನದಲ್ಲಿ ಕೈ ನಡುಗತೊಡಗಿತು. ಅನ್ನ ಬಾಯಿಗೆ ಹೋಗಲೊಲ್ಲದು, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಮೈಮೇಲೆ ಇರುವೆ ಹರಿದಂತೆ. ಎದೆಯಂತೂ ಎಂದೂ ಬಡಿದುಕೊಳ್ಳದ ಹಾಗೆ ಬಡಿದುಕೊಂಡಿತು. ಅಂಬರೀನ ನೋಡಲು ಬಂದವಳು ಆಕೆಯ ಸ್ಥಿತಿ ಕಂಡು ಆಟೋ ತರಿಸಿದಳು.

"ನಡಿ ಸುರಪುರದ ದವಾಖಾನಿಗೆ."

"ಬ್ಯಾಡ ಅಂಬರೀನ. ದೇವರಿಗೆ ಬಿಟ್ಟೀನಿ. ಅಲ್ಲಿ ಹೋದ್ರ ಮತ್ತ ಗುಳಗಿ ಕೊಡ್ತಾರ."

"ನೀ ಉಳದ್ರ ದೇವರಿಗೆ ನಾ ಜವಾಬ್ ಕೊಡ್ತೀನಿ. ಸುಮ್ನ ಹತ್ತು. ನಿನ್ನ ದೇವರಿಗೂ ನನ್ನ ಪರಿಚಯ ಅದ, ದಿನಾ ಗುಡಿ ಮುಂದ ಹಾದು ಹೋಗ್ತೀನಿ."

ಸರ್ಕಾರಿ ದವಾಖಾನೆಯ ಡಾಕ್ಟರು ನೋಡಿ, ಇಷ್ಟು ವರ್ಷ ತೆಗೆದುಕೊಂಡದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು, ಜೀವಕ್ಕೇ ಕುತ್ತು ಎಂದರು. ಗುಳಿಗೆ ಮತ್ತೆ ಶುರುವಾಯಿತು. ಎದೆಯ ಪಟ್ಟಿಯನ್ನೂ ಹೊಸದಾಗಿ ತೆಗೆಸಿದರು. ಗುಂಡಿಗೆಗೆ ಏನೂ ಆಗಿರಲಿಲ್ಲ. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗುವುದು ತಮ್ಮ ಕೆಲಸ, ಇಳಿಸುವಾಗ ಮನಸ್ಸಿಗೆ ಆಸರೆ ಕೊಡುವುದು ಪಂಚಶೀಲಾ ಮೇಡಮ್ಮಿನ ಕೆಲಸ, ಮಂಗಳವಾರ ಮಂಗಳವಾರ ಬರಬೇಕು ಎಂದು ಹೇಳಿ ಕಳಿಸಿದರು.

ಪಂಚಶೀಲಾ ಶಹಾಪುರದ ಮಾಸ್ತರರೊಬ್ಬರ ಮಗಳು, ಮನಸ್ಸಿನ ವಿಷಯ ಓದಿಕೊಂಡವಳು. ಇಂಜೆಕ್ಷನ್ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಆಕೆಯ ಮೇಜು. ಹಂಪಮ್ಮ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು.

"ಆಯಿ, ಗುಳಗಿ ಬಿಡಬೇಕಂತ ನಿಮಗ ಯಾಕ ಅನಸ್ತರಿ?" ಎಂದು ಪಂಚಶೀಲಾ ಕೇಳಿದಳು.

"ಕೂಸಿಗೆ ಎರೀಬೇಕ್ರಿ."

"ಯಾರ ಕೂಸಿಗೆ?"

"ಉಮಾಶ್ರೀ ಕೂಸಿಗೆ. ಇನ್ನಾ ಹುಟ್ಟಿಲ್ಲ."

ಪಂಚಶೀಲಾ ನಗಲಿಲ್ಲ. ಹೇಗೆ ಎರೆಯುತ್ತೀರಿ ಎಂದು ಕೇಳಿದಳು. ಹಂಪಮ್ಮ ಮಣೆಯಿಂದ ಲೋಬಾನದ ತನಕ ಒಂದೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕುಳಿತಳು.

"ಕೂಸಿಗೆ ಮೊಲಿ ಬಿಡಸೂದು ಹ್ಯಾಂಗ ಆಯಿ? ಸಾವಕಾಶ ಅಲ್ಲೇನ್ರಿ? ಗುಳಗಿನೂ ಹಂಗ."

"ಬೇವಿನ ಎಲಿ ಅರದು ಹಚ್ಚಿದ್ರ ಒಂದ ದಿನದಾಗ ಬಿಡ್ತದರಿ."

"ಹಂಗಾದ್ರ ಆ ಮಾತು ಬ್ಯಾಡ ಬಿಡ್ರಿ" ಎಂದು ಪಂಚಶೀಲಾ ಈಗ ನಕ್ಕಳು. "ಸೀದಾ ಹೇಳ್ತೀನಿ ಕೇಳ್ರಿ. ಇಷ್ಟು ವರ್ಷ ಗುಳಗಿ ನಿಮ್ಮ ಮೆದುಳನ್ನ ತಟ್ಟಿ ತಟ್ಟಿ ಮಲಗಿಸಿತ್ತು. ತಟ್ಟೂ ಕೈ ಒಮ್ಮಿಗೇ ತಗದ್ರ ಅದು ಬೆಚ್ಚಿ ಏಳ್ತದ. ಈ ನಡುಕ, ಈ ಎದಿ ಬಡಿತ, ಇದು ಹೊಸ ರೋಗ ಅಲ್ಲ. ಕೈ ತಗದದ್ದಕ್ಕ ಆಗೂ ಗದ್ದಲ. ಸಾವಕಾಶ ತಗದ್ರ ಗದ್ದಲ ಕಡಿಮಿ."

"ಅದು ತಿಳೀತರಿ. ಆದ್ರ ಮಾತು ಕೊಟ್ಟೀನಲ್ಲ."

"ದೇವರು ತಾರೀಖು ಕೇಳಿದ್ನೇನ್ರಿ?"

ಹಂಪಮ್ಮ ಯೋಚಿಸಿದಳು. "ತಾರೀಖು ಕೇಳಿಲ್ಲ. ಬಿಡ್ತೀನಿ ಅಂತ ನಾ ಅಂದೀನಿ."

"ಬಿಡ್ರಿ ಮತ್ತ. ಬಿಡಾಕತ್ತೀರಿ ಈಗ."

ಆ ಮಾತನ್ನು ಹಂಪಮ್ಮ ಊರಿಗೆ ಬಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಇನ್ನೊಮ್ಮೆ ತೂಗಿ ನೋಡಿದಳು. ಬಿಟ್ಟೆ ಎನ್ನುವುದಕ್ಕಿಂತ ಬಿಡುತ್ತಿದ್ದೇನೆ ಎನ್ನುವುದು ಕಷ್ಟದ್ದು, ದಿನಾ ಮಾಡಬೇಕಾದದ್ದು. ಬಸವಣ್ಣನಿಗೆ ಹಾಗೆಂದೇ ಹೇಳಿ ಎದ್ದಳು.

ಮುಂದಿನ ಮಂಗಳವಾರ ಪಂಚಶೀಲಾ ಆಕೆಯನ್ನು ಕೋಣೆಯಲ್ಲಿ ಕೂರಿಸಲಿಲ್ಲ. ದವಾಖಾನೆಯ ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದಳು.

"ಹತ್ತರಿ ಆಯಿ. ನಾನೂ ಬರ್ತೀನಿ. ಜರ ಜಲ್ದಿ."

"ಎದಿ ಬಡಕೋತದರಿ."

"ಬಡಕೋಬೇಕಂತನ ಹತ್ತಾಕತ್ತೀವಿ."

"ನನ್ನ ಜೀವ ತಗಿಯಾಕ ಸರ್ಕಾರ ನಿಮಗ ಪಗಾರ ಕೊಡ್ತದೇನು?"

"ಡಾಕ್ಟರ್ ಹೂಂ ಅಂದಾರ. ನಡೀರಿ."

ಮೇಲಿನ ಅಂತಸ್ತು ಮುಟ್ಟುವಷ್ಟರಲ್ಲಿ ಹಂಪಮ್ಮನ ಎದೆ ಢವಢವ ಎನ್ನುತ್ತಿತ್ತು. ಕೈ ತಾನಾಗಿ ಸೊಂಟದ ಸಂಚಿಗೆ ಹೋಯಿತು. ಪಂಚಶೀಲಾ ಆ ಕೈ ಹಿಡಿದು ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. ಅಲ್ಲೂ ಅದೇ ಬಡಿತ, ಅಷ್ಟೇ ಜೋರು. ಹಂಪಮ್ಮ ಆಕೆಯ ಮುಖ ನೋಡಿದಳು. ಹಣೆಯಲ್ಲಿ ಬೆವರು, ಬಾಯಿ ತೆರೆದು ಉಸಿರು.

"ನಿಮಗೂ ಬಡಕೊಳ್ಳಾಕತ್ತದಲ್ಲ."

"ಹೌದ್ರಿ. ನಾ ಸಾಯ್ತೀನೇನು?"

"ಅಯ್ಯ, ಬಿಡ್ತು ಅನ್ರಿ."

"ನನ್ನ ಎದಿ ಬಡಕೊಂಡ್ರ ಮೆಟ್ಟಲ ಹತ್ತಿದ್ದಕ್ಕ ಅಂತೀರಿ. ನಿಮ್ಮ ಎದಿ ಬಡಕೊಂಡ್ರ ಸಾಯ್ತೀನಿ ಅಂತೀರಿ. ಬಡಿತ ಒಂದ ಅದ ಆಯಿ."

ಇಬ್ಬರೂ ಮೇಲಿನ ಮೆಟ್ಟಿಲ ಮೇಲೆ ಕುಳಿತರು. ಪಂಚಶೀಲಾ ಉಸಿರನ್ನು ಉದ್ದಕ್ಕೆ ಬಿಡುವುದನ್ನು ತೋರಿಸಿದಳು. ಎಳೆದುಕೊಳ್ಳುವುದಕ್ಕೆ ಅವಸರ ಬೇಡ, ಬಿಡುವುದು ನಿಧಾನವಾಗಲಿ ಎಂದಳು. ಗುಳಿಗೆಯಿಲ್ಲದೆ ಎದೆ ಇಳಿಯಿತು. ಇಳಿದದ್ದನ್ನು ಹಂಪಮ್ಮ ಕೈಯಿಟ್ಟು ನೋಡಿಕೊಂಡಳು. ವರ್ಷಗಳಿಂದ ಅದು ತಾನಾಗಿ ಇಳಿಯುವ ತನಕ ಆಕೆ ಕಾದದ್ದೇ ಇರಲಿಲ್ಲ.

"ಕೂಸು ಮೊದಲ ಸಲ ನೀರು ಬಿದ್ದಾಗ ಚೀರ್ತದಲ್ಲ ಆಯಿ, ಆವಾಗ ಏನ್ ಮಾಡ್ತೀರಿ?" ಎಂದು ಪಂಚಶೀಲಾ ಕೇಳಿದಳು.

"ಏನೂ ಮಾಡಂಗಿಲ್ಲ. ಅವರವ್ವ ಓಡಿ ಬರ್ತಾಳ, ಎತ್ತಿಕೋರಿ ಎತ್ತಿಕೋರಿ ಅಂತಾಳ. ಎತ್ತಿಕೊಂಡ್ರ ಮುಗೀತು, ದಿನಾ ಚೀರ್ತದ. ನೀರು ನಿಲ್ಲಸಬಾರದು, ಗಡಬಡಸಲೂ ಬಾರದು. ಕೈ ಹೆದರಬಾರದು ಅಷ್ಟ. ಚೀರಿ ಚೀರಿ ತಾನ ಸುಮ್ನಾಗ್ತದ." ಇಷ್ಟು ಹೇಳಿ ಹಂಪಮ್ಮ ಪಂಚಶೀಲಾಳ ಕಡೆ ತಿರುಗಿದಳು. ಆಮೇಲೆ, "ನಾ ಎದಿನ್ನ ಎತ್ತಿಕೊಂಡು ಎತ್ತಿಕೊಂಡು ಕೆಡಸೀನಿ ಅಂತೀರೇನು?" ಎಂದಳು.

"ನಾ ಅಂದಿಲ್ಲರಿ. ನೀವ ಅಂದ್ರಿ."

ಡಾಕ್ಟರು ಗುಳಿಗೆಯನ್ನು ಕಡಿಮೆ ಮಾಡುತ್ತ ಬಂದರು. ಇಳಿಸಿದಾಗೊಮ್ಮೆ ಕೆಲವು ದಿನ ತ್ರಾಸು, ಆಮೇಲೆ ಮೈ ಒಗ್ಗಿಕೊಳ್ಳುವುದು. ಒಗ್ಗುವ ತನಕ ಮತ್ತೆ ಇಳಿಸುತ್ತಿರಲಿಲ್ಲ. ಸಂಚಿಯಲ್ಲಿ ಪಟ್ಟಿ ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ ಎಂದು ಪಂಚಶೀಲಾ ಅದನ್ನು ಮೊದಲು ಗೋಡೆಯ ಗೂಡಿನಲ್ಲಿ ಇಡಿಸಿದಳು, ಆಮೇಲೆ ಅಂಬರೀನಳ ಮನೆಗೆ. ಹೇಳಿದ್ದನ್ನು ಹೇಳಿದ ಹೊತ್ತಿಗೆ ಕೊಡುವುದು ಅಂಬರೀನಳ ಪಾಲಿಗೆ ಬಂತು. ಗುಳಿಗೆ ಕೊಡುವಾಗ ಆಕೆ ಒಂದೊಂದು ಮಾತೂ ಕೊಡುತ್ತಿದ್ದಳು. "ತಗೋ ರಾಣಿ ಸಾಹೇಬ್, ಇವತ್ತಿನ ರೇಶನ್ನು."

ಒಂದು ಸಂತೆಯ ದಿನ ಎಲ್ಲ ಕೆಟ್ಟಿತು. ಹಂಪಮ್ಮ ಮೆಣಸಿನಕಾಯಿ ಕೊಳ್ಳುತ್ತಿರುವಾಗ ಒಬ್ಬ ಮುದುಕ ಬಿಸಿಲಿಗೆ ತಲೆ ತಿರುಗಿ ಬಿದ್ದ. ಜನ ನೀರು ಚಿಮುಕಿಸಿದರು, ಎದ್ದು ಕುಳಿತ, ಚಹಾ ಕುಡಿದ. ಹಂಪಮ್ಮ ಮಾತ್ರ ಅಲ್ಲಿಂದ ಹೊರಟವಳು ಪಂಪಣ್ಣನ ಅಂಗಡಿಯ ಮುಂದೆ ನಿಂತಿದ್ದಳು. ಹಳೆಯ ಪರಿಚಯ, ಬಾಯಲ್ಲಿ ಹೇಳಿದ್ದಕ್ಕೇ ಪಟ್ಟಿ ಕೊಟ್ಟ. ಅಂಗಡಿಯ ಕಟ್ಟೆಯ ಮೇಲೆಯೇ ನೀರಿಲ್ಲದೆ ನುಂಗಿದಳು.

ಆ ಮಂಗಳವಾರ ಸುರಪುರದಲ್ಲಿ "ಎಲ್ಲಾ ಚಂದ ಅದರಿ" ಎಂದು ಹೇಳಿ ಎದ್ದು ಬಂದಳು. ಬಸ್ ನಿಲ್ದಾಣಕ್ಕೆ ಬಂದು ಕೆಂಭಾವಿಯ ಬಸ್ಸಿನಲ್ಲಿ ಕುಳಿತೂ ಆಯಿತು. ಕಂಡಕ್ಟರ್ ಸೀಟಿ ಹೊಡೆಯುವ ಮೊದಲು ಇಳಿದು ದವಾಖಾನೆಗೆ ವಾಪಸು ನಡೆದಳು.

"ಸುಳ್ಳು ಹೇಳೀನಿ ತಂಗಿ" ಎಂದಳು. ಬಾಯಲ್ಲಿ ಮೇಡಮ್ ಎನ್ನುವುದು ಹೋಗಿ ತಂಗಿ ಎಂದು ಬಂದದ್ದು ಆಕೆಗೆ ಗೊತ್ತಾಗಲಿಲ್ಲ.

ಪಂಚಶೀಲಾ ಬಯ್ಯಲಿಲ್ಲ. ಮುದುಕ ಬಿದ್ದಾಗಿನಿಂದ ಗುಳಿಗೆ ನುಂಗುವ ತನಕ ತಲೆಯಲ್ಲಿ ಏನೇನು ಬಂತು, ಬಂದ ಹಾಗೇ ಹೇಳಿರಿ ಎಂದಳು. ಬಂದದ್ದು ಒಂದೇ ಮಾತು: ಸಂಗಣ್ಣನ ಹಾಗೆ ತಾನೂ ಸಂತೆಯಲ್ಲಿ ಹೋಗುತ್ತೇನೆ.

"ಅವತ್ತು ಯಜಮಾನರು ಏನಂದ್ರು?"

"ಎದಿ ಹಿಡಕೊಂಡದ ಅಂದ. ಕಲ್ಲು ಇಟ್ಟಂಗ ಆಗ್ಯಾದ ಅಂದ. ಎಡಗೈ ಎತ್ತಾಕ ಬರಲಿಲ್ಲ."

"ಬಡಕೊಳ್ಳಾಕತ್ತದ ಅಂದ್ರಾ?"

"ಇಲ್ಲ."

"ನಿಮಗ ಕಲ್ಲು ಇಟ್ಟಂಗ ಆಗ್ತದೇನು?"

ಹಂಪಮ್ಮ ಬಹಳ ಹೊತ್ತು ನೆನಪು ಮಾಡಿಕೊಂಡಳು. ಇಲ್ಲ. ಒಂದು ಸಲವೂ ಇಲ್ಲ. ತನ್ನದು ಓಡುವ ಎದೆ, ಅವನದು ಹಿಡಿದುಕೊಂಡದ್ದು. ಇಷ್ಟು ವರ್ಷ ಅವನ ಸಾವನ್ನು ತನ್ನ ಮೈಯಲ್ಲಿ ಹುಡುಕುತ್ತ ಕುಳಿತಿದ್ದಳು. ಅಲ್ಲೇ ಕುರ್ಚಿಯಲ್ಲಿ ಅತ್ತಳು. ಪಂಚಶೀಲಾ ಕಿಟಕಿಯ ಕಡೆ ನೋಡುತ್ತ ಅಳಲು ಬಿಟ್ಟಳು. ಆಮೇಲೆ, ಹಿಡಿದುಕೊಂಡ ಹಾಗೆ ಎಂದಾದರೂ ಆದರೆ ಗುಳಿಗೆಯೂ ಬೇಡ, ಉಸಿರಾಟವೂ ಬೇಡ, ತಡಮಾಡದೆ ದವಾಖಾನೆಗೆ ಬನ್ನಿ ಎಂದು ಬಿಡಿಸಿ ಹೇಳಿದಳು. ಪಂಪಣ್ಣನಿಗೆ ಡಾಕ್ಟರು ಫೋನು ಮಾಡಿದರು. ಅಂದಿನಿಂದ ಆತ ಹಂಪಮ್ಮನನ್ನು ಕಂಡರೆ ತಲೆನೋವಿನ ಗುಳಿಗೆಗೂ ಡಾಕ್ಟರ ಚೀಟಿ ಕೇಳುತ್ತಾನೆ.

ಉಮಾಶ್ರೀ ಹೆತ್ತಳು. ಹೆಣ್ಣುಕೂಸು. ದವಾಖಾನೆಯಿಂದ ಮನೆಗೆ ಬಂದ ಸುದ್ದಿ ಕೇಳಿ ಹಂಪಮ್ಮ ನೋಡಲು ಹೋದಳು. ಹುಣಸಗಿಯಾಕೆ ಇನ್ನೂ ಬಂದಿರಲಿಲ್ಲ. ನೀಲಗಂಗಮ್ಮ ಕೂಸಿನ ಪಕ್ಕದಿಂದ ಏಳಲಿಲ್ಲ.

"ಗುಳಗಿ ಬಿಟ್ಟಿ ಅಂತಲ್ಲ?" ಎಂದಳು.

ಹೌದು ಎಂದುಬಿಟ್ಟರೆ ಆ ಕ್ಷಣಕ್ಕೆ ಕೆಲಸವಾಗುತ್ತಿತ್ತು. ಹಂಪಮ್ಮ ಇದ್ದದ್ದನ್ನು ಹೇಳಿದಳು. "ಪೂರಾ ಬಿಟ್ಟಿಲ್ಲ. ಮಲಗೂ ಮುಂದ ಒಂದು ಸಣ್ಣದು ಇನ್ನಾ ಅದ. ಹಗಲೆಲ್ಲ ಏನೂ ಇಲ್ಲ. ಮುಂಜಾನಿ ನಿದ್ದಿಗಣ್ಣು ಇರಂಗಿಲ್ಲ, ಅದನ್ನ ಡಾಕ್ಟರೂ ನೋಡ್ಯಾರ, ಅಂಬರೀನೂ ನೋಡ್ಯಾಳ."

"ಹಂಗಾದ್ರ ಬ್ಯಾಡವ್ವಾ."

"ಇನ್ನೊಂದು ಮಾತು ಅದ. ತಂಬಿಗಿ ನೀ ಹಿಡಿ. ನೀರು ನೀ ಹಾಕು. ನನ್ನ ಎರಡೂ ಕೈ ಕೂಸಿನ ಮ್ಯಾಲಿರ್ತಾವ. ನಿನಗ ಹೆದರಿಕಿ ಬಂದ್ರ ಎತ್ತಿಕೊಂಡು ಹೋಗು, ನಾ ಕೇಳಂಗಿಲ್ಲ."

ನೀಲಗಂಗಮ್ಮ ಆಕೆಯನ್ನೇ ನೋಡಿದಳು. ತಂಬಿಗೆ ಮುಟ್ಟಿದ್ದಕ್ಕೆ ಹಿಂದೆ ಇದೇ ಹಂಪಮ್ಮ ಆಕೆಯ ಕೈ ಸರಿಸಿದ್ದಳು.

ಹಾಸಿಗೆಯ ಮೇಲಿಂದ ಉಮಾಶ್ರೀ, "ಯವ್ವಾ, ನೀ ಬಾಜೂಕ ಇರ್ತೀಯಲ್ಲ. ಹಂಪಾಯಿ ಮುಚ್ಚಿಡದ ಹೇಳ್ಯಾಳ. ಹುಣಸಗಿಯಾಕಿ ಏನ್ ನುಂಗ್ತಾಳಂತ ನಿನಗ ಗೊತ್ತದೇನು?" ಎಂದಳು.

"ನೀ ಬಾಣಂತಿ ಅದಿ, ಕಿವಿ ಮುಚ್ಚಿಕೊಂಡು ಮಲ್ಕೋ" ಎಂದು ಬೈದು, ನೀಲಗಂಗಮ್ಮ ನೀರು ಕಾಯಿಸಲು ಎದ್ದಳು.

ಬಚ್ಚಲಲ್ಲಿ ಮಣೆ ಹಾಕಿ ಕಾಲು ನೀಡಿ ಕುಳಿತಾಗ ಹಂಪಮ್ಮನ ಎದೆ ಶುರುವಾಯಿತು. ಕೂಸು ಕಾಲ ಮೇಲೆ ಬಂದಾಗ ಇನ್ನೂ ಜೋರಾಯಿತು. ಮೊದಲ ತಂಬಿಗೆ ಬಿದ್ದಾಗ ಕೂಸು ಚೀರಿತು. ಒಳಗೂ ಹೊರಗೂ ಗದ್ದಲ.

"ನೀಲವ್ವಾ, ನನ್ನ ಎದಿ ಬಡಕೊಳ್ಳಾಕತ್ತದ. ಹೇಳಿ ಇಡ್ತೀನಿ" ಎಂದಳು ಹಂಪಮ್ಮ. ದನಿ ಏರಲಿಲ್ಲ.

ನೀಲಗಂಗಮ್ಮನ ತಂಬಿಗೆ ಮೇಲೆಯೇ ನಿಂತಿತು. "ಎತ್ತಿಕೊಳ್ಳಾ?"

"ಮೊದಲ ನನ್ನ ಕೈ ನೋಡು. ಆಮ್ಯಾಲ ನಿನ್ನ ಮನಸ್ಸಿಗೆ ಬಂದಂಗ ಮಾಡು."

ನೀಲಗಂಗಮ್ಮ ನೋಡಿದಳು. ಒಂದು ಕೈ ಕುತ್ತಿಗೆಯ ಕೆಳಗೆ, ಇನ್ನೊಂದು ಹೊಟ್ಟೆಯ ಮೇಲೆ. ಹೆಬ್ಬೆರಳು ಕೂಡ ಅಲುಗುತ್ತಿರಲಿಲ್ಲ. ನೋಡಿ ನೋಡಿ ನೀರು ಹಾಕಿದಳು, ಸಾವಕಾಶವಾಗಿ. ಹಂಪಮ್ಮ ಉಸಿರನ್ನು ಉದ್ದಕ್ಕೆ ಬಿಟ್ಟಳು. ಕಂಕುಳು ತೊಳೆದಳು, ಕಿವಿಯ ಹಿಂದೆ ತೊಳೆದಳು, ಬೋರಲು ಹಾಕಿ ಗದ್ದಕ್ಕೆ ಕೈ ಕೊಟ್ಟು ಬೆನ್ನು ನೀವಿದಳು. ಕೂಸು ಯಾವಾಗಲೋ ಸುಮ್ಮನಾಯಿತು. ಎದೆಯೂ ಸುಮ್ಮನಾಗಿತ್ತು, ಅದು ಯಾವಾಗ ಎಂದು ಹಂಪಮ್ಮ ಗಮನಿಸಿರಲಿಲ್ಲ.

ಒರೆಸಿ, ಲೋಬಾನದ ಹೊಗೆ ಕೊಟ್ಟು, ಬಟ್ಟೆ ಸುತ್ತಿ ಕೂಸನ್ನು ಉಮಾಶ್ರೀಯ ಪಕ್ಕ ಮಲಗಿಸಿದರು. ನೀಲಗಂಗಮ್ಮನ ಸೀರೆಯೂ ಮೊಣಕಾಲ ತನಕ ತೊಯ್ದಿತ್ತು. ಆಕೆ ನೆರಿಗೆ ಹಿಂಡುತ್ತ, "ಹುಣಸಗಿಯಾಕಿಗೆ ಬರಬ್ಯಾಡ ಅಂತ ಫೋನ್ ಮಾಡ್ಬೇಕು" ಎಂದಳು. ಅದನ್ನು ಯಾರಿಗೆ ಹೇಳಿದಳೋ, ಯಾರ ಮುಖವನ್ನೂ ನೋಡಲಿಲ್ಲ.

"ಮಂಗಳಾರ ಮುಂಜಾನಿ ನಾ ಬರಂಗಿಲ್ಲ" ಎಂದಳು ಹಂಪಮ್ಮ. "ಸುರಪುರಕ್ಕ ಹೋಗೂದು ಇನ್ನಾ ಮುಗದಿಲ್ಲ."

"ಮಂಗಳಾರ ಸಂಜಿಗೆ ಎರದ್ರಾತು. ಬಸ್ ಇಳದು ಸೀದಾ ಇಲ್ಲೇ ಬಾ, ನಾ ನೀರು ಕಾಸಿ ಇಟ್ಟಿರ್ತೀನಿ" ಎಂದಳು ನೀಲಗಂಗಮ್ಮ.